ಸಕ್ಕರೆ ಬೇರೆಯಿರಲಿ

ಈ ಸಲ ನಾನು ಎತ್ತಿಕೊಂಡಿರುವ ವಿಷಯವನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ನಾಡಿನಲ್ಲಿ ವಿಚಾರ ಮಾಡಬೇಕಾದ ಪ್ರಶ್ನೆಗಳು ಬೆಟ್ಟದಷ್ಟಿರುವಾಗ, ಒಂದು ಲೋಟ ಕಾಫಿಗೆ ಎಷ್ಟು ಚಮಚ ಸಕ್ಕರೆ ಬೀಳಬೇಕೆಂಬುದೂ ಒಂದು ಪ್ರಶ್ನೆಯೆ ಎಂದು ನೀವು ಕೇಳಬಹುದು. ಪ್ರಶ್ನೆ ಸಣ್ಣದೆಂಬುದನ್ನು ಒಪ್ಪುತ್ತೇನೆ. ಆದರೆ ದಿನಕ್ಕೆ ನಾಲ್ಕೈದು ಸಲ, ವರ್ಷವೆಲ್ಲ, ಮೂವತ್ತು ವರ್ಷಗಳ ಕಾಲ ಒಬ್ಬ ಮನುಷ್ಯನ ಒಡಲೊಳಕ್ಕೆ ಇಳಿಯುವ ವಸ್ತು ಸಣ್ಣದಾಗಿ ಉಳಿಯುವುದಿಲ್ಲ. ಹನಿ ಹನಿ ಕೂಡಿದರೆ ಹಳ್ಳವಾಗುತ್ತದೆ. ಆ ಹಳ್ಳದಲ್ಲಿ ನಮ್ಮವರೇ ಮುಳುಗುತ್ತಿರುವುದನ್ನು ಕಂಡ ಮೇಲೆ ಸುಮ್ಮನಿರುವುದು ನನಗೆ ಸಾಧ್ಯವಾಗಲಿಲ್ಲ.

ಪೀಣ್ಯದಲ್ಲಿ ನೆಲೆಸಿರುವ ನನ್ನ ಬಾಲ್ಯದ ಒಡನಾಡಿಯೊಬ್ಬರನ್ನು ನೋಡಲು ಇತ್ತೀಚೆಗೆ ಹೋಗಿದ್ದೆ. ನಾವಿಬ್ಬರೂ ಮಠದ ಪ್ರಸಾದ ನಿಲಯದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು ಓದಿದವರು. ನಾನು ಉಪಾಧ್ಯಾಯ ವೃತ್ತಿ ಹಿಡಿದೆ, ಅವರು ಐ.ಟಿ.ಐ. ಮುಗಿಸಿ ಕಾರ್ಖಾನೆ ಸೇರಿ, ಲೇತಿನ ಮುಂದೆ ಮೂರು ದಶಕಗಳನ್ನು ಕಳೆದರು. ಅವರ ಬಲಗಾಲಿನ ಎರಡು ಬೆರಳುಗಳನ್ನು ವೈದ್ಯರು ತೆಗೆದಿದ್ದಾರೆ. ಬೂಟಿನೊಳಗೆ ಆದ ಒಂದು ಚಿಕ್ಕ ಗಾಯ ನೋವೇ ತೋರದೆ ಬೆಳೆದು ಅಲ್ಲಿಗೆ ಮುಟ್ಟಿತು. ಮಧುಮೇಹವಿದೆಯೆಂದು ಅವರಿಗೆ ಹನ್ನೆರಡು ವರ್ಷಗಳ ಹಿಂದೆಯೇ ತಿಳಿದಿತ್ತು. ಸಕ್ಕರೆ ಬಿಡಬೇಕೆಂದು ವೈದ್ಯರು ಆಗಲೇ ಹೇಳಿದ್ದರು. ಮನೆಯಲ್ಲಿ ಬಿಟ್ಟೂ ಬಿಟ್ಟಿದ್ದರು. “ಹಾಗಾದರೆ ಕೆಲಸದ ಜಾಗದಲ್ಲಿ?” ಎಂದು ನಾನು ಕೇಳಿದೆ.

“ಫ್ಲಾಸ್ಕಿನಲ್ಲಿ ಬಂದದ್ದನ್ನೇ ಕುಡಿದೆನಪ್ಪಾ. ನನಗೊಬ್ಬನಿಗೆ ಬೇರೆ ಮಾಡಿಕೊಡು ಎಂದು ಯಾವ ಬಾಯಲ್ಲಿ ಕೇಳಲಿ? ಆ ಹುಡುಗನಿಗೆ ನಲವತ್ತು ಜನಕ್ಕೆ ಹಂಚಿ ಓಡುವ ಅವಸರ. ಜೊತೆಯವರು, ಇವನೇನು ದೊಡ್ಡ ಮನುಷ್ಯನೋ ಎಂದಾರು ಎಂಬ ಸಂಕೋಚ ಬೇರೆ. ಕಾಫಿಯನ್ನೇ ಬಿಡೋಣವೆಂದರೆ ರಾತ್ರಿ ಪಾಳಿ, ಕಣ್ಣು ಎಳೆಯುತ್ತಿತ್ತು.”

ಕಾಫಿಯ ಸಕ್ಕರೆಯೊಂದರಿಂದಲೇ ಅವರಿಗೆ ಈ ಗತಿ ಬಂದಿತೆಂದು ನಾನು ಹೇಳಲಾರೆ. ವಂಶಪಾರಂಪರ್ಯವಿದೆ, ನಿದ್ರೆಗೆಟ್ಟ ಪಾಳಿಯ ದುಡಿಮೆಯಿದೆ, ಆಹಾರದ ಉಳಿದ ದೋಷಗಳಿವೆ. ಆದರೆ ವೈದ್ಯರ ಮಾತನ್ನು ನಡೆಸಬೇಕೆಂದು ಇಚ್ಛಿಸಿದ ಒಬ್ಬ ದುಡಿಮೆಗಾರನಿಗೆ, ದಿನಕ್ಕೆ ಮೂರು ಸಲ, ಹನ್ನೆರಡು ವರ್ಷ, ಅದನ್ನು ನಡೆಸುವ ಅವಕಾಶವೇ ಇರಲಿಲ್ಲ. ಅವರ ಲೋಟಕ್ಕೆ ಸಕ್ಕರೆಯನ್ನು ಅವರು ಹಾಕಿಕೊಳ್ಳಲಿಲ್ಲ. ಅವರನ್ನು ಕೇಳದೆ ಇನ್ನೊಬ್ಬರು ಹಾಕಿ ತಂದರು. ನನ್ನ ಆಕ್ಷೇಪಣೆ ಇರುವುದು ಇಲ್ಲಿ.

ಪೀಣ್ಯವೊಂದರ ಕಥೆ ಇದಲ್ಲ. ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಮೊಳೆತ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ, ಮೈಸೂರು ಅರಸರು 1882ರಲ್ಲಿ ಆಂಗ್ಲೋ-ಇಂಡಿಯನ್ನರ ವಸತಿಗಾಗಿ ಭೂಮಿ ಕೊಟ್ಟುದರಿಂದ ಹುಟ್ಟಿ 1990ರ ದಶಕದಲ್ಲಿ ತಂತ್ರಜ್ಞಾನದ ಊರಾಗಿ ಮಾರ್ಪಟ್ಟ ವೈಟ್‌ಫೀಲ್ಡಿನಲ್ಲಿಯೂ ಪರಿಸ್ಥಿತಿ ಬೇರೆಯಲ್ಲ. ಅಲ್ಲಿ ಫ್ಲಾಸ್ಕಿನ ಹುಡುಗನ ಬದಲಿಗೆ ಗುಂಡಿ ಒತ್ತಿದರೆ ಕಾಫಿ ಸುರಿಯುವ ಯಂತ್ರವಿದೆ, ವ್ಯತ್ಯಾಸ ಅಷ್ಟೆ. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರಲ್ಲಿ ಮೆಟ್ರೋ ರೈಲು ತಲುಪಿತು. ನಮ್ಮ ಮಠದಲ್ಲಿ ಓದಿ ಹೋದ ಎಷ್ಟೋ ಮಂದಿ ತರುಣ ತರುಣಿಯರು ಪ್ರತಿದಿನ ಬೆಳಗ್ಗೆ ಆ ರೈಲುಗಳಿಂದಿಳಿದು, ನಿಂತ ನಿಲುವಿನಲ್ಲಿಯೇ ಒಂದು ಕಾಫಿ ಕುಡಿದು, ಕೆಲಸಕ್ಕೆ ನಡೆಯುತ್ತಾರೆ. ಆ ಲೋಟದಲ್ಲಿ ಏನಿದೆಯೆಂದು ಅವರಲ್ಲಿ ಎಷ್ಟು ಮಂದಿ ಬಲ್ಲರು?

ಒಂದಿಷ್ಟು ಲೆಕ್ಕ ಮಾಡೋಣ. ಮಟ್ಟಸವಾಗಿ ತುಂಬಿದ ಒಂದು ಟೀ ಚಮಚದಲ್ಲಿ ಸುಮಾರು 4 ಗ್ರಾಂ ಸಕ್ಕರೆ ಹಿಡಿಯುತ್ತದೆ. ಲೋಟಕ್ಕೆ ಎರಡು ಚಮಚ, ದಿನಕ್ಕೆ ಐದು ಲೋಟವೆಂದರೆ 40 ಗ್ರಾಂ. ತಿಂಗಳಿಗೆ ಒಂದು ಕಿಲೋ ಮೀರುತ್ತದೆ. ವರ್ಷಕ್ಕೆ ಹದಿನಾಲ್ಕೂವರೆ ಕಿಲೋ. ಸೇರಿಸಿದ ಸಕ್ಕರೆಯಿಂದಲೂ ಜೇನು, ಪಾನಕ, ಹಣ್ಣಿನ ರಸಗಳ ಸಕ್ಕರೆಯಿಂದಲೂ ಬರುವ ಶಕ್ತಿಯು ದಿನದ ಒಟ್ಟು ಆಹಾರಶಕ್ತಿಯ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆಯಿರಬೇಕೆಂದೂ, ಇಪ್ಪತ್ತನೆಯ ಒಂದು ಭಾಗಕ್ಕಿಂತ ಕೆಳಗಿಳಿದರೆ ಇನ್ನೂ ಲೇಸೆಂದೂ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ಮಾಡಿತು. ದಿನಕ್ಕೆ 2000 ಕಿಲೋಕ್ಯಾಲೊರಿ ಆಹಾರ ತೆಗೆದುಕೊಳ್ಳುವವರಿಗೆ ಮೊದಲನೆಯದು 50 ಗ್ರಾಂ, ಎರಡನೆಯದು 25 ಗ್ರಾಂ. ಬಿಸ್ಕತ್ತು, ಸಿಹಿತಿಂಡಿ, ಬಾಟಲಿಯ ಪಾನೀಯ ಯಾವುದನ್ನೂ ಮುಟ್ಟುವ ಮೊದಲೇ, ಬರಿಯ ಕಾಫಿಯಿಂದಲೇ ನಾವು ಎರಡನೆಯ ಮಿತಿಯನ್ನು ದಾಟಿ ಮೊದಲನೆಯದರ ಹತ್ತಿರಕ್ಕೆ ಬಂದಿರುತ್ತೇವೆ.

ದೇಶದ ಸ್ಥಿತಿ ಹೇಗಿದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ವಿಸ್ತಾರವಾದ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ, ಇನ್ನು 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಹೊಸ್ತಿಲಲ್ಲಿ ನಿಂತವರನ್ನು ಹಿಂದಕ್ಕೆ ಕರೆಯಲು ಅವಕಾಶವುಂಟು. ಆಹಾರವನ್ನು ಹದಗೊಳಿಸಿ, ಮೈ ಬಳಸಿ, ತೂಕವನ್ನು ಅಂಕೆಯಲ್ಲಿಟ್ಟುಕೊಂಡರೆ ಅವರಲ್ಲಿ ಅನೇಕರು ರೋಗವನ್ನು ತಡೆಯಬಲ್ಲರು, ಇಲ್ಲವೆ ವರ್ಷಗಳ ಕಾಲ ಮುಂದೂಡಬಲ್ಲರು. ಅಂಥವರ ಕೈಗೆ ಕೇಳದೆಯೇ ಎರಡು ಚಮಚ ಸಕ್ಕರೆಯ ಲೋಟವನ್ನಿತ್ತು ಒಳಕ್ಕೆ ದಬ್ಬುವುದು ಯಾವ ಧರ್ಮ?

ಈ ಮಾತು ಬರೆಯುತ್ತಿರುವವನು ಕಾಫಿಯ ವೈರಿಯಲ್ಲವೆಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ. ಚಹ, ಕಾಫಿ, ಕೋಕೋ ಮೂರೂ ದೇಹಕ್ಕೆ ಅವಶ್ಯವಲ್ಲವೆಂದು ಗಾಂಧೀಜಿಯವರು ‘ಆರೋಗ್ಯದ ಕೀಲಿಕೈ’ಯಲ್ಲಿ ಹೇಳಿದ್ದುಂಟು. ಅಷ್ಟು ಕಟ್ಟುನಿಟ್ಟು ನಮ್ಮಂಥವರಿಂದ ಆಗದು. ಬಾಬಾಬುಡನ್ ಎಂಬ ಸಂತರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಕೇಳುತ್ತ ಬೆಳೆದ ನಾಡು ನಮ್ಮದು. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಕರ್ನಾಟಕದ್ದು. ರಂಭಾಪುರಿ ಪೀಠದಿಂದ ನಮಗೆಲ್ಲ ಪರಿಚಿತವಾದ ಬಾಳೆಹೊನ್ನೂರಿನಲ್ಲಿಯೇ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. ಅದಕ್ಕೆ ಕಾರಣರಾದವರು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಡಾ. ಲೆಸ್ಲಿ ಕೋಲ್ಮನ್ನರು. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಸಕ್ಕರೆ ಕಂಪೆನಿಗಾಗಿ ದುಡಿದವರೂ ಅದೇ ಕೋಲ್ಮನ್ನರೇ. ಕಾಫಿ, ಸಕ್ಕರೆ ಎರಡೂ ಈ ಮಣ್ಣಿನ ಬೆಳಸು. ಎರಡರ ಮೇಲೆಯೂ ನನಗೆ ಗೌರವವಿದೆ. ಒಂದು ಇನ್ನೊಂದನ್ನು ನುಂಗಿ ಹಾಕುವುದನ್ನು ಮಾತ್ರ ನಾನು ಒಪ್ಪಲಾರೆ.

ನುಂಗುವುದು ಹೇಗೆಂದು ಕೇಳಿ. ಒಳ್ಳೆಯ ಬೀಜವನ್ನು ಹದವಾಗಿ ಹುರಿದು, ಹೊಸದಾಗಿ ಪುಡಿಮಾಡಿ, ನಿಧಾನವಾಗಿ ಇಳಿಸಿದ ಡಿಕಾಕ್ಷನ್ನಿನಲ್ಲಿ ಕಹಿಯಷ್ಟೇ ಇರುವುದಿಲ್ಲ. ಪರಿಮಳವಿದೆ, ಕಿಂಚಿತ್ ಹುಳಿಯಿದೆ, ಒಂದು ಬಗೆಯ ಒಗರೂ ಇದೆ. ಅದಕ್ಕೆ ಬೆರೆಸುವ ಹಾಲಿನಲ್ಲಿ ತನ್ನದೇ ಆದ ಸಿಹಿಯಿದೆ. 100 ಮಿಲಿಲೀಟರ್ ಹಾಲಿನಲ್ಲಿ ನಾಲ್ಕೂವರೆ ಗ್ರಾಮಿನಷ್ಟು ಸಹಜ ಸಕ್ಕರೆ ಇರುತ್ತದೆ. ಇಂಥ ಕಾಫಿಗೆ ಅರ್ಧ ಚಮಚ ಸಕ್ಕರೆ ಧಾರಾಳವಾಯಿತು. ಬೆಳಗ್ಗೆ ಇಳಿಸಿದ್ದನ್ನು ಸಂಜೆಯವರೆಗೆ ಕಾಯಿಸಿ ಕಾಯಿಸಿ ಕೊಡುವಾಗ, ಪುಡಿಯನ್ನು ಉಳಿಸಲು ಚಿಕೋರಿಯನ್ನು ಸುರಿಯುವಾಗ, ಬೀಜವನ್ನು ಇದ್ದಲಾಗುವಂತೆ ಹುರಿದಾಗ, ಏಳುವ ಕೆಟ್ಟ ಕಹಿಯನ್ನು ಮುಚ್ಚಲು ಸಕ್ಕರೆ ಬೇಕಾಗುತ್ತದೆ. ಕಾಫಿಯೆಂಬ ಹೆಸರಿನಿಂದ ಮಾರುವ ಮಿಶ್ರಣದಲ್ಲಿ ನೂರಕ್ಕೆ 49 ಪಾಲಿನವರೆಗೆ ಚಿಕೋರಿ ಇರಲು ನಮ್ಮ ಆಹಾರ ನಿಯಮಗಳು ಅವಕಾಶ ಕೊಟ್ಟಿವೆ. ಎಷ್ಟಿದೆಯೆಂಬುದನ್ನು ಪೊಟ್ಟಣದ ಮೇಲೆ ಬರೆದಿರಲೇಬೇಕು. ಲೋಟದ ಮೇಲೆ ಹಾಗೆ ಯಾರು ಬರೆಯುತ್ತಾರೆ? ಸಕ್ಕರೆಯು ಕೆಟ್ಟ ಡಿಕಾಕ್ಷನ್ನಿನ ಪರವಾಗಿ ನಿಂತು ವಾದಿಸುವ ವಕೀಲನಾಗಿದೆ. ಆ ವಕೀಲನ ಶುಲ್ಕವನ್ನು ತೆರುವವರು ನಾವು, ನಮ್ಮ ರಕ್ತದಿಂದ.

ಯಂತ್ರದ ಕಾಫಿಯದು ಇನ್ನೂ ಒಂದು ಹೆಜ್ಜೆ ಮುಂದಿನ ಮಾತು. ಅನೇಕ ಕಡೆ ಆ ಯಂತ್ರದ ಹೊಟ್ಟೆಯೊಳಗಿರುವುದು ಹಾಲಿನ ಪುಡಿ, ಕಾಫಿ, ಸಕ್ಕರೆ ಮೂರನ್ನೂ ಕೂಡಿಸಿಟ್ಟ ಒಂದೇ ಪುಡಿ. ಅದರಿಂದ ಸಕ್ಕರೆಯನ್ನು ಬೇರ್ಪಡಿಸುವುದು ಬ್ರಹ್ಮನಿಂದಲೂ ಆಗದು. ಪೊಟ್ಟಣದ ಬೆನ್ನಿನ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಯಾವುದು ಹೆಚ್ಚೋ ಅದರ ಹೆಸರು ಮೊದಲು. ನಿಮ್ಮ ಕಚೇರಿಯ ಪೊಟ್ಟಣವನ್ನು ಒಮ್ಮೆ ತಿರುಗಿಸಿ ಓದಿ. ಮೊದಲ ಹೆಸರು ಸಕ್ಕರೆಯದಾಗಿದ್ದರೆ, ನೀವು ಕುಡಿಯುತ್ತಿರುವುದು ಕಾಫಿ ಬೆರೆಸಿದ ಸಕ್ಕರೆಯೇ ಹೊರತು ಸಕ್ಕರೆ ಬೆರೆಸಿದ ಕಾಫಿಯಲ್ಲ.

ಈಗ ಎದುರು ಪಕ್ಷದವರ ವಾದಗಳನ್ನು ಒಂದೊಂದಾಗಿ ನೋಡೋಣ. ದುಡಿಯುವವನಿಗೆ ಸಕ್ಕರೆ ಶಕ್ತಿ ಕೊಡುತ್ತದೆ, ನಿದ್ದೆ ಓಡಿಸುತ್ತದೆ ಎನ್ನುವವರುಂಟು. ನಿದ್ದೆ ಓಡಿಸುವುದು ಕಾಫಿಯಲ್ಲಿರುವ ಕೆಫೀನ್. ಸಕ್ಕರೆ ತೆಗೆದರೆ ಅದು ಒಂದಿನಿತೂ ಕಡಿಮೆಯಾಗುವುದಿಲ್ಲ. ಶಕ್ತಿಯ ಮಾತಿಗೆ ಬಂದರೆ, ರಾಗಿಯ ಮುದ್ದೆ, ಜೋಳದ ರೊಟ್ಟಿ, ಬೇಳೆ, ಕಾಳು, ಸೊಪ್ಪುಗಳಿಂದ ಬರುವ ಶಕ್ತಿಯ ಜೊತೆಗೆ ದೇಹಕ್ಕೆ ಬೇಕಾದ ಹತ್ತು ವಸ್ತುಗಳು ಬರುತ್ತವೆ. ಸಕ್ಕರೆಯ ಜೊತೆಗೆ ಏನೂ ಬರುವುದಿಲ್ಲ. ಅಲ್ಲದೆ ದಿನವೆಲ್ಲ ಗಣಕಯಂತ್ರದ ಮುಂದೆ ಕುಳಿತವರು ಆ ಹೆಚ್ಚಿನ ಶಕ್ತಿಯನ್ನು ಖರ್ಚು ಮಾಡುವುದಾದರೂ ಎಲ್ಲಿ?

ಬೆಲ್ಲ ಹಾಕಿದರೆ ದೋಷವಿಲ್ಲವಷ್ಟೆ ಎಂದು ಇನ್ನು ಕೆಲವರು ಸಮಾಧಾನ ಹೇಳಿಕೊಳ್ಳುತ್ತಾರೆ. ಮಲೆನಾಡಿನ ಬೆಲ್ಲದ ಕಾಫಿಯ ರುಚಿಯನ್ನು ನಾನೂ ಬಲ್ಲೆ. ಆದರೆ ಬೆಲ್ಲದ ಬಹುಭಾಗವೂ ಸಕ್ಕರೆಯೇ. ಬಣ್ಣ ಬೇರೆಯಾದ ಮಾತ್ರಕ್ಕೆ ಮಧುಮೇಹಿಯ ರಕ್ತ ಅದಕ್ಕೆ ಬೇರೆ ಮರ್ಯಾದೆ ಮಾಡುವುದಿಲ್ಲ. ಹಾಗಾದರೆ ಸಕ್ಕರೆಯಿಲ್ಲದೆ ಸಿಹಿ ಕೊಡುವ ಮಾತ್ರೆಗಳನ್ನು ಹಾಕಿಕೊಳ್ಳೋಣವೆ? ತೂಕ ಇಳಿಸುವ ಉಪಾಯವೆಂದು ಅವುಗಳನ್ನು ಬಳಸಬೇಡಿರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಈಗಾಗಲೇ ಮಧುಮೇಹವಿರುವವರಿಗೆ ಆ ಸಲಹೆ ಅನ್ವಯಿಸದಾದುದರಿಂದ ಅವರು ತಮ್ಮ ವೈದ್ಯರನ್ನು ಕೇಳಿ ನಡೆಯಲಿ. ನನ್ನ ಅಭಿಪ್ರಾಯದಲ್ಲಿ ಬದಲಾಗಬೇಕಾದುದು ಸಿಹಿಯ ಮೂಲವಲ್ಲ, ಸಿಹಿಯ ಚಪಲ. ನಾಲಿಗೆಯನ್ನು ಹಳೆಯ ಚಾಳಿಯಲ್ಲಿಯೇ ಬಿಟ್ಟು ಸಕ್ಕರೆಯ ಹೆಸರನ್ನು ಮಾತ್ರ ಬದಲಿಸುವುದು, ಮನೆ ಸೋರುತ್ತಿರುವಾಗ ಪಾತ್ರೆ ಬದಲಿಸಿಟ್ಟಂತೆ.

ಕಬ್ಬು ಬೆಳೆಯುವ ರೈತನ ಗತಿಯೇನೆಂದು ಮಂಡ್ಯ, ಬೆಳಗಾವಿ, ಬಾಗಲಕೋಟೆಗಳ ಕಡೆಯ ಬಂಧುಗಳು ಕೇಳುವುದು ನ್ಯಾಯವಾದ ಪ್ರಶ್ನೆ. ಕಬ್ಬಿಗೆ ಇಂದು ಸಕ್ಕರೆಯೊಂದೇ ದಾರಿಯಲ್ಲ. ಪೆಟ್ರೋಲಿಗೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು; ಆ ಎಥನಾಲಿನ ಒಂದು ಭಾಗ ಕಬ್ಬಿನಿಂದಲೇ ಬರುತ್ತದೆ. ರೈತನಿಗೆ ನ್ಯಾಯವಾದ ಬೆಲೆ ದೊರಕಿಸಿಕೊಡಲು ಹೋರಾಡೋಣ, ನಾನೂ ಬರುತ್ತೇನೆ. ಆದರೆ ರೈತನ ಉದ್ಧಾರಕ್ಕಾಗಿ ಕಾರ್ಮಿಕನ ಕಾಲಿನ ಬೆರಳು ಹೋಗಬೇಕೆಂದು ಯಾವ ರೈತನೂ ಬಯಸಲಾರ. ಮೇಲಾಗಿ, ಸಕ್ಕರೆ ತಗ್ಗಿದಷ್ಟೂ ಜನ ಒಳ್ಳೆಯ ಕಾಫಿಯನ್ನು ಕೇಳುತ್ತಾರೆ. ಅದರಿಂದ ಕೊಡಗು, ಚಿಕ್ಕಮಗಳೂರು, ಹಾಸನಗಳ ಬೆಳೆಗಾರನಿಗೆ ಲಾಭವಾಗುವುದಿಲ್ಲವೆ? ಅವನೂ ರೈತನೇ ಅಲ್ಲವೆ?

ಅತ್ಯಂತ ಬಲವಾದ ವಾದ ಕೊನೆಯದು, ಮರ್ಯಾದೆಯ ವಾದ. ಬಂದವರಿಗೆ ಸಪ್ಪೆ ಕಾಫಿ ಕೊಡುವುದೆ? ಜಿಪುಣತನವೆಂದಾರಲ್ಲವೆ? ಸಕ್ಕರೆಯನ್ನು ಪಡಿತರ ಚೀಟಿ ಹಿಡಿದು ಸಾಲಿನಲ್ಲಿ ನಿಂತು ತರಬೇಕಾಗಿದ್ದ ಕಾಲವೊಂದಿತ್ತು. ಆಗ ಅತಿಥಿಯ ಲೋಟಕ್ಕೆ ಒಂದು ಚಮಚ ಹೆಚ್ಚು ಹಾಕುವುದು ನಿಜವಾದ ತ್ಯಾಗವಾಗಿತ್ತು. ಮನೆಯ ಮಕ್ಕಳ ಪಾಲನ್ನು ಬಂದವರಿಗೆ ಕೊಟ್ಟಂತಾಗುತ್ತಿತ್ತು. ಆ ಕಾಲ ಕಳೆಯಿತು, ಅಭ್ಯಾಸ ಉಳಿಯಿತು. ಇಂದು ಒಂದು ಚಮಚ ಹೆಚ್ಚು ಹಾಕುವುದರಲ್ಲಿ ತ್ಯಾಗವೂ ಇಲ್ಲ, ಪ್ರೀತಿಯೂ ಇಲ್ಲ. “ಸಕ್ಕರೆ ಎಷ್ಟು ಹಾಕಲಿ?” ಎಂದು ಬಾಯಿ ಬಿಟ್ಟು ಕೇಳುವುದರಲ್ಲಿ ಎರಡೂ ಇವೆ. ದಾಸೋಹವೆಂದರೆ ಎದುರಿಗೆ ಕುಳಿತವನ ಹಸಿವನ್ನೂ ಹದವನ್ನೂ ಅರಿತು ನೀಡುವುದೆಂದು ಕೇಳಿ ಬೆಳೆದವರು ನಾವು. ಅವನ ಕಾಯಿಲೆಯನ್ನು ಕೇಳದೆ ನೀಡುವುದು ಹೇಗೆ ದಾಸೋಹವಾದೀತು?

ಆದುದರಿಂದ ನನ್ನ ಬೇಡಿಕೆ ಒಂದೇ ಒಂದು. ಸಕ್ಕರೆಯನ್ನು ನಿಷೇಧಿಸಿರೆಂದು ನಾನು ಹೇಳುತ್ತಿಲ್ಲ. ಸಕ್ಕರೆ ಬೇರೆಯಿರಲಿ. ಬೇಕಾದವರು ಬೇಕಾದಷ್ಟು ಹಾಕಿಕೊಳ್ಳಲಿ. ಮೂರು ಚಮಚ ಬೇಕೆಂದವರು ಮೂರು ಚಮಚವನ್ನೇ ಹಾಕಿಕೊಳ್ಳಲಿ. ಹಾಕಿಕೊಳ್ಳುವ ಕೈ ಕುಡಿಯುವವನದಾಗಿರಲಿ. ಕ್ಯಾಂಟೀನಿನವರಿಗೆ ಇದು ಅಸಾಧ್ಯವೆ? 500 ಜನರಿರುವ ಕಾರ್ಖಾನೆಯೊಂದರಲ್ಲಿ ತಲೆಗೆ ಮೂರು ಲೋಟ, ಲೋಟಕ್ಕೆ 8 ಗ್ರಾಮಿನಂತೆ ದಿನಕ್ಕೆ 12 ಕಿಲೋ ಸಕ್ಕರೆ ಕರಗುತ್ತದೆ. 300 ದಿನಗಳಿಗೆ 36 ಕ್ವಿಂಟಾಲ್. ಜನ ತಾವೇ ಹಾಕಿಕೊಂಡು ಅರ್ಧಕ್ಕೆ ಇಳಿಸಿದರೆ 18 ಕ್ವಿಂಟಾಲಿನ ಹಣ ಉಳಿಯಿತು. ಆ ಹಣದಲ್ಲಿ ಒಳ್ಳೆಯ ಪುಡಿ ತರಬಹುದು, ನೀರು ಬೆರೆಸದ ಹಾಲು ತರಬಹುದು.

ಕೇಳುವ ಹಕ್ಕು ನಮಗೆಲ್ಲಿದೆ ಎನ್ನಬೇಡಿ. 250ಕ್ಕಿಂತ ಹೆಚ್ಚು ಮಂದಿ ದುಡಿಯುವ ಕಾರ್ಖಾನೆಗಳಲ್ಲಿ ಕ್ಯಾಂಟೀನು ಇರಬೇಕೆಂದು ಸರ್ಕಾರ ವಿಧಿಸಬಹುದೆಂದೂ, ಅದರ ಆಡಳಿತ ಸಮಿತಿಯಲ್ಲಿ ಕೆಲಸಗಾರರ ಪ್ರತಿನಿಧಿಗಳಿರಬೇಕೆಂದೂ 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳಿತ್ತು. ನಮ್ಮ ಹಿರಿಯರು ಗಳಿಸಿಕೊಟ್ಟ ಆ ಜಾಗದಲ್ಲಿ ಕುಳಿತವರು ಪಲ್ಯದ ಉಪ್ಪಿನ ಬಗ್ಗೆ ಮಾತನಾಡುತ್ತಾರೆ, ಅನ್ನದ ಅಳತೆಯ ಬಗ್ಗೆ ಜಗಳವಾಡುತ್ತಾರೆ. ಸಕ್ಕರೆಯ ಬಗ್ಗೆ ಒಂದು ಮಾತು ಆಡಬಾರದೆ? ಕಂಪ್ಯೂಟರ್ ಕಂಪೆನಿಗಳಲ್ಲಿ ಮೇಲಿನ ಹುದ್ದೆಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಯಂತ್ರದ ಗುತ್ತಿಗೆಗೆ ರುಜು ಹಾಕುವಾಗ, ಸಕ್ಕರೆಯಿಲ್ಲದ ಪುಡಿಯೇ ಬರಲಿ ಎಂದು ಒಂದು ಸಾಲು ಬರೆಸಬಾರದೆ?

ಇನ್ನು ನಮ್ಮ ಮನೆಯ ಮಾತು. ಅನ್ಯರನ್ನು ಆಡಿಕೊಳ್ಳುವವನು ತನ್ನ ಎಲೆಯನ್ನೂ ನೋಡಿಕೊಳ್ಳಬೇಕು. ಮಠದ ಸಮಾರಂಭಗಳಲ್ಲಿ, ಹಳೆಯ ವಿದ್ಯಾರ್ಥಿಗಳ ಕೂಟಗಳಲ್ಲಿ, ಮದುವೆ ನಾಮಕರಣಗಳಲ್ಲಿ ನಾವು ಕೊಡುವ ಕಾಫಿ ಹೇಗಿರುತ್ತದೆ? ದೊಡ್ಡ ಕೊಳಗದಲ್ಲಿ ಎಲ್ಲವನ್ನೂ ಕೂಡಿಸಿ ಕಾಸಿ, ಕ್ಯಾನಿಗೆ ತುಂಬಿ, ನಲ್ಲಿ ತಿರುಗಿಸಿ ಕೊಡುತ್ತೇವೆ. ಸಾಲಿನಲ್ಲಿ ನಿಂತ ಹಿರಿಯರಲ್ಲಿ ಎಷ್ಟು ಮಂದಿ ಅದನ್ನು ಹಿಂಜರಿಯುತ್ತ ಹಿಡಿದು, ಎರಡು ಗುಟುಕು ಕುಡಿದು, ಮಿಕ್ಕದ್ದನ್ನು ಯಾರೂ ಕಾಣದಂತೆ ಗಿಡದ ಬುಡಕ್ಕೆ ಚೆಲ್ಲುತ್ತಾರೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚೆಲ್ಲುವುದು ತಪ್ಪೆಂದು ಕಲಿತ ಕೈಗಳವು. ಆ ತಪ್ಪನ್ನು ಅವರಿಂದ ಮಾಡಿಸುತ್ತಿರುವವರು ನಾವು.

ಅಭ್ಯಾಸ ಬದಲಿಸುವುದು ಕಷ್ಟವೆನ್ನುವವರಿಗೆ ಒಂದು ಕ್ರಮವನ್ನು ಸೂಚಿಸುತ್ತೇನೆ. ಒಮ್ಮೆಲೇ ಬಿಡಬೇಡಿ, ವಾರಕ್ಕೆ ಕಾಲು ಚಮಚ ಇಳಿಸಿ. ಎರಡು ಚಮಚದಿಂದ ಅರ್ಧ ಚಮಚಕ್ಕೆ ಆರು ವಾರಗಳಲ್ಲಿ ಬರುತ್ತೀರಿ. ಅದರೊಡನೆ ಕಾಫಿಯನ್ನೂ ಸುಧಾರಿಸಿ. ಚಿಕೋರಿ ಕಡಿಮೆಯಿರುವ ಪುಡಿಯನ್ನು ಒಂದು ವಾರಕ್ಕೆ ಬೇಕಾದಷ್ಟೇ ತನ್ನಿ. ಫಿಲ್ಟರಿನ ಮೇಲಿನ ಪಾತ್ರೆಯಲ್ಲಿ ಪುಡಿಯನ್ನು ಹದವಾಗಿ ಒತ್ತಿ, ಕುದಿ ನಿಂತ ನೀರನ್ನು ಸುರಿದು, ತಾನಾಗಿ ಇಳಿಯಲು ಬಿಡಿ. ಇಳಿದ ಡಿಕಾಕ್ಷನ್ನನ್ನು ಮತ್ತೆ ಕುದಿಸಬೇಡಿ. ಮೊದಲ ಎರಡು ವಾರ ನಾಲಿಗೆ ಮುನಿಸಿಕೊಳ್ಳುತ್ತದೆ. ಆಮೇಲೆ ಅದುವರೆಗೆ ಕಾಣದಿದ್ದ ಪರಿಮಳ ಕಾಣತೊಡಗುತ್ತದೆ. ಕೆಲಕಾಲದ ಮೇಲೆ ಹಳೆಯ ಎರಡು ಚಮಚದ ಕಾಫಿಯನ್ನು ಕೊಟ್ಟರೆ ಪಾಯಸದಂತೆ ತೋರುತ್ತದೆ. ಇದು ನನ್ನ ಸ್ವಂತ ಅನುಭವ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಆಹಾರಕ್ರಮದ ಬದಲಾವಣೆಯನ್ನು ವೈದ್ಯರಿಗೆ ತಿಳಿಸಿಯೇ ಮಾಡಲಿ. ರಕ್ತದ ಸಕ್ಕರೆ ಥಟ್ಟನೆ ಕುಸಿದು ಬೆವರು, ನಡುಕ ಬಂದವರಿಗೆ ಆ ಗಳಿಗೆಯಲ್ಲಿ ಸಕ್ಕರೆಯೇ ಔಷಧ. ಬಟ್ಟಲು ಬೇರೆಯಿದ್ದರೆ ಅದಕ್ಕೂ ಕೈಗೆ ಸಿಗುತ್ತದೆ.

ನನ್ನ ಒಡನಾಡಿ ನಿವೃತ್ತರಾಗಿದ್ದಾರೆ. ಅಂದು ಅವರ ಮನೆಯಲ್ಲಿ ಅವರ ಧರ್ಮಪತ್ನಿ ನಮಗಿಬ್ಬರಿಗೂ ಕಾಫಿ ತಂದಿಟ್ಟರು. ಪಕ್ಕದಲ್ಲಿ ಒಂದು ಚಿಕ್ಕ ಸ್ಟೀಲಿನ ಬಟ್ಟಲು, ಒಂದು ಚಮಚ. “ನಿಮಗೆ ಎಷ್ಟು ಬೇಕೋ ನೀವೇ ಹಾಕಿಕೊಳ್ಳಿ ಅಣ್ಣಾ” ಎಂದರು. ನನ್ನ ಗೆಳೆಯರು ಬಟ್ಟಲನ್ನು ನನ್ನ ಕಡೆಗೆ ಸರಿಸಿ, “ಇಷ್ಟು ಸಣ್ಣ ಬಟ್ಟಲನ್ನು ಕಾರ್ಖಾನೆಯಲ್ಲಿ ಇಡಿ ಎಂದು ಕೇಳಲು ನನಗೆ ಮೂವತ್ತು ವರ್ಷ ಧೈರ್ಯ ಬರಲಿಲ್ಲ ನೋಡು” ಎಂದರು.

ವಾಚಕರೆ, ಆ ಧೈರ್ಯವನ್ನು ಒಬ್ಬೊಬ್ಬರೇ ತಂದುಕೊಳ್ಳುವುದು ಕಷ್ಟ. ಕೂಡಿ ತಂದುಕೊಳ್ಳುವುದು ಸುಲಭ. ನಾಳೆ ನಿಮ್ಮ ಕ್ಯಾಂಟೀನಿನಲ್ಲಿ, ನಿಮ್ಮ ರಸ್ತೆಯ ಹೋಟೆಲಿನಲ್ಲಿ, ನಿಮ್ಮ ಕಚೇರಿಯ ಯಂತ್ರದ ಮುಂದೆ, ನಿಮಗೆ ಕಾಯಿಲೆಯಿಲ್ಲದಿದ್ದರೂ, ಪಕ್ಕದಲ್ಲಿ ನಿಂತು ಸಂಕೋಚ ಪಡುತ್ತಿರುವವನಿಗಾಗಿ ಕೇಳಿ. ಮುಂದಿನ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಕ್ಯಾನಿನ ಪಕ್ಕಕ್ಕೆ ಸಕ್ಕರೆಯ ಬಟ್ಟಲುಗಳನ್ನು ಇಡುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ಚಮಚಗಳನ್ನು ತರುವವರು ಯಾರು?